ಮನೆ ಬಿಟ್ಟು ಹೋದ ಮಕ್ಕಳ ಕಥೆ

ಮಕ್ಕಳಿಗೆ ಹೇಳತಕ್ಕ ಕಥೆಗಳು ಎಂಥವಾಗಿರಬೇಕು ಎಂಬ ವಿಷಯದಲ್ಲಿ ತಾಯ್ತಂದೆಗಳೊಳಗೆ ಎರಡು ಪಕ್ಷಗಳುಂಟು. ಕಥೆಯು ಎಳೆಯ ಮನಸ್ಸಿಗೆ ಸಂತೋಷವನ್ನೇ ಕೊಡಬೇಕು. ಸಾವು, ಅಗಲಿಕೆ, ಮನೆ ಬಿಟ್ಟು ಓಡಿಹೋಗುವುದು ಮೊದಲಾದ ಸುದ್ದಿಗಳು ಅದರೊಳಗೆ ಬರಕೂಡದು. ಬಂದರೆ ಮಗು ರಾತ್ರಿಯಲ್ಲಿ ಬೆಚ್ಚಿಬೀಳುವುದು, ಇಲ್ಲವೆ ತಾನೂ ಹಾಗೆಯೇ ಮಾಡಲು ಹವಣಿಸುವುದು ಎಂದು ಒಂದು ಪಕ್ಷದವರು ಹೇಳುವರು. ಲೋಕದಲ್ಲಿ ದುಃಖವಿರುವುದರಿಂದ ಕಥೆಯಲ್ಲಿಯೂ ಅದು ಇದ್ದೇ ತೀರಬೇಕು, ಮಕ್ಕಳು ಬೇಗನೆ ಗಟ್ಟಿಯಾಗಲಿ ಎಂದು ಮತ್ತೊಂದು ಪಕ್ಷದವರು ಹೇಳುವರು. ನಾವು ಈ ಎರಡನೆಯ ಪಕ್ಷವನ್ನು ಸೇರಿದವರಾದರೂ ನಮ್ಮ ಕಾರಣ ಬೇರೆಯಾಗಿದೆ. ಮನೆ ಬಿಟ್ಟು ಹೋದ ಮಕ್ಕಳ ಕಥೆಯಿಂದ ಹೆಚ್ಚಿನ ಪ್ರಯೋಜನವನ್ನು ಹೊಂದತಕ್ಕವರು ಅದನ್ನು ಹೇಳುವ ಹಿರಿಯರೇ ಎಂಬುದು ನಮ್ಮ ಅಭಿಪ್ರಾಯ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರೂ ಅಜ್ಜಿಯರೂ ಆಗಿರುವುದರಿಂದ ಈ ವಿಚಾರವನ್ನು ಅವರ ಮುಂದೆ ಕೊಂಚ ವಿಸ್ತಾರವಾಗಿಯೇ ಇಡಲು ಅಪೇಕ್ಷಿಸುತ್ತೇವೆ.

ಕನ್ನಡ ನಾಡಿನ ಮಗು ಮೊಟ್ಟಮೊದಲು ಕೇಳುವ ಕಥೆ ಯಾವುದೆಂದು ವಿಚಾರಿಸಿ ನೋಡಿರಿ. ಬಹುಮಟ್ಟಿಗೆ ಅದು ಕಾಗಕ್ಕ ಗುಬ್ಬಕ್ಕನ ಕಥೆಯಾಗಿರುವುದು. ಗುಬ್ಬಕ್ಕನಿಗೆ ಕಲ್ಲಿನ ಮನೆ, ಕಾಗಕ್ಕನಿಗೆ ಸಗಣಿಯ ಮನೆ. ಮಳೆ ಹೊಯ್ದು ಕಾಗಕ್ಕನ ಮನೆ ಕೊಚ್ಚಿಹೋಗುವುದು. ನೆನೆದು ನಡುಗುತ್ತಾ ಅದು ಗುಬ್ಬಕ್ಕನ ಬಾಗಿಲನ್ನು ತಟ್ಟುವುದು. ಒಳಗಿನವಳು ಮಗುವಿಗೆ ನೀರೆರೆಯುತ್ತಿದ್ದೇನೆ, ಉಣಿಸುತ್ತಿದ್ದೇನೆ, ತೂಗುತ್ತಿದ್ದೇನೆ ಎಂದು ಒಂದೊಂದೇ ನೆವವನ್ನು ಹೇಳುತ್ತಾ ಬಾಗಿಲು ತೆರೆಯಲು ತಡಮಾಡುವಳು. ಮೂರು ವರ್ಷದ ಮಗುವಿಗೆ ನಾವು ತೊಡೆಯ ಮೇಲೆ ಕೂರಿಸಿಕೊಂಡು ಹೇಳುವ ಈ ಕಥೆ ಮನೆ ಕಳೆದುಕೊಂಡವಳ ಕಥೆಯೇ ಅಲ್ಲವೆ? ಸಕಲೇಶಪುರ, ಆಲೂರು ಸೀಮೆಗಳಲ್ಲಿ ಮುಂಗಾರು ಹಿಡಿದು ವಾರಗಟ್ಟಲೆ ಸೂರ್ಯದರ್ಶನವಿಲ್ಲದಿರುವಾಗ, ಹೆಂಚಿನ ಮೇಲೆ ನೀರು ಸುರಿಯುವ ಸದ್ದಿನ ನಡುವೆ, ಒಲೆಯ ಮುಂದೆ ಕುಳಿತು ಈ ಕಥೆಯನ್ನು ಕೇಳಿದ ಮಗುವಿಗೆ ಮನೆಯೆಂಬುದು ಏನೆಂದು ಯಾರೂ ಬೇರೆಯಾಗಿ ಬೋಧಿಸಬೇಕಾದ್ದಿಲ್ಲ. ಮನೆ ಹೋಗಬಹುದೆಂದು ತಿಳಿದ ಮೇಲೆಯೇ ಮನೆಯ ಬೆಲೆ ಅದಕ್ಕೆ ತಿಳಿಯುವುದು. ಆದುದರಿಂದ ದುಃಖದ ಕಥೆಗಳು ಮಕ್ಕಳಿಗೆ ಬೇಡವೆಂದು ವಾದಿಸುವವರು ಮೊದಲು ಈ ಕಾಗೆಯನ್ನು ಮನೆಯಿಂದ ಹೊರಡಿಸಬೇಕಾಗುವುದು. ಅದಕ್ಕೆ ಯಾವ ಅಜ್ಜಿಯೂ ಒಪ್ಪಲಾರಳು.

ಇನ್ನು ಮಕ್ಕಳೇ ಮನೆಯನ್ನು ಬಿಟ್ಟು ಹೋಗುವ ಕಥೆಗೆ ಬರೋಣ. ಕನ್ನಡದಲ್ಲಿ ಅಂಥ ಕಥೆಗಳೊಳಗೆಲ್ಲಾ ಪ್ರಸಿದ್ಧವಾದದ್ದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ತುಂಗಾತೀರದ ಬೊಮ್ಮನಹಳ್ಳಿಯಲ್ಲಿ ಇಲಿಗಳ ಕಾಟ ಮಿತಿಮೀರುವುದು; ಇಲಿಗಳನ್ನು ತೊಲಗಿಸಿದವರಿಗೆ ಹಣ ಕೊಡುವೆನೆಂದು ಊರ ಗೌಡನು ಮಾತು ಕೊಡುವನು; ಎಲ್ಲಿಂದಲೋ ಬಂದ ಜೋಗಿಯೊಬ್ಬನು ತನ್ನ ಕಿಂದರಿಯನ್ನು ಬಾರಿಸಿ ಇಲಿಗಳನ್ನೆಲ್ಲಾ ಹೊಳೆಯ ಪಾಲು ಮಾಡುವನು; ಕೆಲಸವಾದ ಮೇಲೆ ಗೌಡನು ಮಾತಿಗೆ ತಪ್ಪುವನು. ಆಗ ಜೋಗಿಯು ಎರಡನೆಯ ಸಲ ಕಿಂದರಿಯನ್ನು ಎತ್ತಿಕೊಳ್ಳುವನು. ಈ ಸಲ ಮನೆಮನೆಗಳಿಂದ ಹೊರಟುಬರುವವರು ಮಕ್ಕಳು. ಅವರು ಕುಣಿಯುತ್ತಾ ನಲಿಯುತ್ತಾ ಅವನ ಹಿಂದೆ ನಡೆಯುವರು. ಬೆಟ್ಟವು ಬಾಯ್ದೆರೆದು ಅವರನ್ನು ಒಳಕ್ಕೆ ತೆಗೆದುಕೊಂಡು ಮತ್ತೆ ಮುಚ್ಚಿಕೊಳ್ಳುವುದು. ಹಿಂದೆ ಉಳಿದವನು ಕುಂಟನಾದ ಒಬ್ಬ ಹುಡುಗ ಮಾತ್ರ. ಈ ಪದ್ಯವನ್ನು ತಲೆಮಾರುಗಳ ಕನ್ನಡ ಮಕ್ಕಳು ಕಂಠಪಾಠ ಮಾಡಿ, ಶಾಲೆಯ ರಂಗಸ್ಥಳಗಳ ಮೇಲೆ ಇಲಿಗಳಾಗಿಯೂ ಜೋಗಿಗಳಾಗಿಯೂ ಕುಣಿದು ಆನಂದಿಸಿರುವರು. ಅದನ್ನು ಬರೆದ ಕವಿಯೂ ಮನೆ ಬಿಟ್ಟು ಬಂದ ಮಲೆನಾಡಿನ ಬಾಲಕನೇ ಎಂಬುದನ್ನು ಇಲ್ಲಿ ನೆನೆಯಬಹುದು. ೧೯೦೪ರಲ್ಲಿ ಜನಿಸಿ ತೀರ್ಥಹಳ್ಳಿಯ ಬಳಿಯ ಕುಪ್ಪಳಿಯಲ್ಲಿ ಬೆಳೆದ ಅವರು ಓದುವುದಕ್ಕಾಗಿ ಕಾಡನ್ನು ಬಿಟ್ಟು ಮೈಸೂರಿಗೆ ಹೋಗಿ ಅಲ್ಲಿಯ ವೆಸ್ಲಿಯನ್ ಮಿಷನ್ ಹೈಸ್ಕೂಲನ್ನು ಸೇರಿದರು.

ಕಥೆಯ ಮೂಲವಾದರೋ ಜರ್ಮನಿ ದೇಶದ ಹ್ಯಾಮೆಲಿನ್ ಪಟ್ಟಣದ್ದು. ಇಂಗ್ಲಿಷ್ ಕವಿ ರಾಬರ್ಟ್ ಬ್ರೌನಿಂಗನು ೧೮೪೨ರಲ್ಲಿ ಪ್ರಕಟಿಸಿದ ಪದ್ಯದಿಂದ ಅದು ಲೋಕವಿಖ್ಯಾತವಾಯಿತು; ಕಾಯಿಲೆ ಬಿದ್ದಿದ್ದ ಒಬ್ಬ ಹುಡುಗನ ಮನಸ್ಸನ್ನು ರಂಜಿಸುವುದಕ್ಕಾಗಿ ಬ್ರೌನಿಂಗನು ಅದನ್ನು ಬರೆದನು. ಆದರೆ ಆ ಪಟ್ಟಣದ ಹಳೆಯ ಲೇಖಗಳಲ್ಲಿ ಇಲಿಗಳ ಸುದ್ದಿಯಿಲ್ಲ. ೧೨೮೪ನೆಯ ಇಸವಿ ಜೂನ್ ತಿಂಗಳ ೨೬ನೆಯ ದಿನ ೧೩೦ ಮಕ್ಕಳು ಊರಿನಿಂದ ಹೊರಟುಹೋದರೆಂಬುದೊಂದೇ ಅಲ್ಲಿರುವ ಸಂಗತಿ. ಇಲಿಗಳು ಕಥೆಯೊಳಕ್ಕೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಮಕ್ಕಳು ಎಲ್ಲಿಗೆ ಹೋದರೆಂಬುದನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಪೂರ್ವದಿಕ್ಕಿನ ಹೊಸ ಭೂಮಿಗಳಲ್ಲಿ ನೆಲೆಸುವುದಕ್ಕೆ ಜನರನ್ನು ಕೂಡಿಸಲು ಬಂದ ದಳ್ಳಾಳಿಗಳ ಮಾತಿಗೆ ಒಲಿದು ಎಳೆಯರು ವಲಸೆ ಹೋದರೆಂಬುದು ಅವುಗಳಲ್ಲಿ ಹೆಚ್ಚು ಜನರು ಒಪ್ಪುವ ಊಹೆ. ಅದು ಹೇಗೇ ಇರಲಿ, ಮಕ್ಕಳು ಕೊನೆಯದಾಗಿ ನಡೆದುಹೋದರೆನ್ನುವ ಆ ಊರಿನ ಬೀದಿಯಲ್ಲಿ ಇಂದಿಗೂ ವಾದ್ಯಗಳನ್ನು ಬಾರಿಸಕೂಡದೆಂಬ ಕಟ್ಟಳೆ ನಡೆದುಬಂದಿದೆ. ಏಳು ನೂರು ವರ್ಷಗಳಿಗೂ ಮಿಕ್ಕಿ ಒಂದು ಊರು ತನ್ನ ಮಕ್ಕಳಿಗಾಗಿ ಹೀಗೆ ಮೌನವನ್ನು ಹಿಡಿದಿರುವುದು ಸಾಮಾನ್ಯವಾದ ಸಂಗತಿಯಲ್ಲ.

ಈ ಕಥೆಯನ್ನು ಓದಿ ಮುಗಿಸಿದ ಮೇಲೆ ತಪ್ಪಿತಸ್ಥರು ಯಾರೆಂದು ಮಕ್ಕಳನ್ನು ಕೇಳಿರಿ. ಅವರು ಕ್ಷಣಮಾತ್ರವೂ ಯೋಚಿಸದೆ ಗೌಡನ ಹೆಸರನ್ನು ಹೇಳುವರು. ಹಿರಿಯರನ್ನು ಕೇಳಿದರೆ ಅವರು ಜೋಗಿಯ ಮಾಟವನ್ನು ಬೈಯುವರು, ಮಕ್ಕಳ ಅವಿವೇಕಕ್ಕೆ ಮರುಗುವರು, ಗೌಡನ ಹತ್ತಿರ ಬರುವಾಗ ಮಾತ್ರ ಸ್ವಲ್ಪ ಮೆತ್ತಗಾಗುವರು. ಕಥೆಯ ನ್ಯಾಯವೋ ನಿಷ್ಠುರವಾದದ್ದು. ಮಾತು ಕೊಟ್ಟವರು ಹಿರಿಯರು, ಮುರಿದವರು ಹಿರಿಯರು, ಮನೆ ಬಿಟ್ಟವರು ಮಕ್ಕಳು. ಜೋಗಿಯು ಮಕ್ಕಳನ್ನು ಕಟ್ಟಿಹಾಕಿ ಎಳೆದುಕೊಂಡು ಹೋಗಲಿಲ್ಲ. ಮಕ್ಕಳು ಮನಸಾರೆ ಹೋದರು. ಆ ಊರಿನ ಮನೆಗಳಲ್ಲಿ ಕೇಳಿಬಾರದ ಒಂದು ಸವಿಮಾತನ್ನು ಅವರು ಆ ಕಿಂದರಿಯಲ್ಲಿ ಕೇಳಿರಬೇಕು.

ನಮ್ಮಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲತಕ್ಕ ಮತ್ತೊಂದು ಕಥೆಯುಂಟು. ಅದು ಗೋವಿನ ಹಾಡಿನ ಪುಣ್ಯಕೋಟಿಯ ಕಥೆ. ಅಲ್ಲಿಯೂ ಅಗಲಿಕೆಯುಂಟು, ಬೆಟ್ಟವುಂಟು, ಕೊಟ್ಟ ಮಾತುಂಟು. ಹುಲಿಯ ಬಾಯಿಗೆ ಸಿಕ್ಕಿದ ತಾಯಿಯು ಕರುವಿಗೆ ಹಾಲೂಡಿಸಿ ಬರುವೆನೆಂದು ಮಾತು ಕೊಟ್ಟು ದೊಡ್ಡಿಗೆ ಹಿಂದಿರುಗುವಳು. ಕರುವನ್ನು ಒಡಹುಟ್ಟಿದವರಿಗೆ ಒಪ್ಪಿಸಿ ಮತ್ತೆ ಹುಲಿಯ ಬಳಿಗೆ ನಡೆಯುವಳು. ಎರಡು ಕಥೆಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ಒಂದು ವಿಷಯ ಗೋಚರವಾಗುವುದು. ಒಂದರಲ್ಲಿ ಹಿರಿಯಳು ಮಾತನ್ನು ಉಳಿಸಿಕೊಂಡಳು, ಅವಳ ಕಂದನಿಗೆ ತಾಯಿ ಮರಳಿ ದೊರೆತಳು. ಮತ್ತೊಂದರಲ್ಲಿ ಹಿರಿಯನು ಮಾತನ್ನು ಕಳೆದುಕೊಂಡನು, ಊರಿಗೆ ಊರೇ ಕಂದರನ್ನು ಕಳೆದುಕೊಂಡಿತು. ಪುಣ್ಯಕೋಟಿಯ ಕಥೆಯನ್ನು ಕೇಳಿ ಮಕ್ಕಳು ಅಳುವರು. ಆದರೂ ಅದನ್ನು ಬೇಡವೆಂದವರನ್ನು ನಾವು ಕಂಡಿಲ್ಲ. ಹಿರಿಯರಿಗೆ ಅದು ಗೌರವವನ್ನು ತರುವ ಕಥೆಯಾಗಿದೆ. ಮನೆ ಬಿಟ್ಟು ಓಡಿದ ಮಕ್ಕಳ ಕಥೆಗಳಿಗೆ ಮಾತ್ರ ಆಕ್ಷೇಪಣೆ ಬರುವುದು. ಆ ಆಕ್ಷೇಪಣೆಯಲ್ಲಿ ಮಕ್ಕಳ ಮೇಲಿನ ಮರುಕದೊಡನೆ ನಮ್ಮ ಮೇಲಿನ ಮರುಕವೂ ಕೊಂಚ ಬೆರೆತಿದೆಯೆಂದು ಹೇಳದೆ ವಿಧಿಯಿಲ್ಲ.

ಇದಕ್ಕೆ ಒಂದು ಒಳ್ಳೆಯ ದೃಷ್ಟಾಂತವುಂಟು. ಜರ್ಮನಿಯ ಗ್ರಿಮ್ ಸಹೋದರರು ೧೮೧೨ರಲ್ಲಿ ಅಚ್ಚುಹಾಕಿಸಿದ ಕಥಾಸಂಗ್ರಹದಲ್ಲಿ ಹ್ಯಾನ್ಸೆಲ್, ಗ್ರೆಟೆಲ್ ಎಂಬ ಅಣ್ಣತಂಗಿಯರ ಕಥೆಯಿದೆ. ಬರಗಾಲದಲ್ಲಿ ಅನ್ನ ಸಾಲದೆ ತಾಯ್ತಂದೆಗಳು ಮಕ್ಕಳನ್ನು ಕಾಡಿನಲ್ಲಿ ಬಿಟ್ಟುಬರುವ ಕಥೆ ಅದು. ಮೊದಲನೆಯ ಮುದ್ರಣದಲ್ಲಿ ಹಾಗೆ ಮಾಡಬೇಕೆಂದು ಗಂಡನನ್ನು ಒತ್ತಾಯಿಸಿದವಳು ಹೆತ್ತ ತಾಯಿ. ಮುಂದಿನ ಮುದ್ರಣಗಳಲ್ಲಿ ಅವಳನ್ನು ಮಲತಾಯಿಯಾಗಿ ಬದಲಾಯಿಸಲಾಯಿತು. ಮಕ್ಕಳಿಗೆ ಕಾಡು ಹಾಗೆಯೇ ಉಳಿಯಿತು, ಕತ್ತಲೆ ಹಾಗೆಯೇ ಉಳಿಯಿತು, ಮಕ್ಕಳನ್ನು ತಿನ್ನುವ ಮಾಟಗಾತಿಯೂ ಉಳಿದಳು. ಹೆತ್ತವಳ ಹೆಸರು ಮಾತ್ರ ಮೃದುವಾಯಿತು. ಆ ತಿದ್ದುಪಡಿಯ ಫಲವಾಗಿ ಲೋಕದ ಮಲತಾಯಂದಿರೆಲ್ಲರೂ ಕೆಟ್ಟ ಹೆಸರನ್ನು ಹೊತ್ತರು, ಹಸಿವು ಯಾವ ತಾಯಿಯನ್ನಾದರೂ ಎಂಥ ಸ್ಥಿತಿಗೆ ತರಬಲ್ಲುದೆಂಬ ಸತ್ಯ ಮರೆಯಾಯಿತು. ಕಥೆಗಳನ್ನು ತಿದ್ದುವವರು ಯಾರನ್ನು ರಕ್ಷಿಸುವುದಕ್ಕಾಗಿ ತಿದ್ದುವರೆಂಬುದನ್ನು ಇದರಿಂದ ಊಹಿಸಬಹುದು.

ಇದೆಲ್ಲವೂ ದೂರದೇಶದ ಮಾತು, ನಮ್ಮ ಗುಡ್ಡಗಳಿಗೂ ಇದಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವು ಬಹಳ ಹತ್ತಿರದ್ದು. ಹಿಂದೆ ಸಕಲೇಶಪುರದ ತಾಲ್ಲೂಕಿಗೆ ಮಂಜರಾಬಾದೆಂದು ಹೆಸರಿದ್ದಿತು. ಮಂಜಿನಿಂದಲೇ ಆ ಹೆಸರು ಬಂತೆಂದು ಹೇಳುವುದುಂಟು. ಮಳೆಗಾಲದ ಬೆಳಿಗ್ಗೆ ಮಂಜು ಇಳಿದಾಗ ಕಣ್ಣೆದುರಿನ ಗುಡ್ಡವೂ ಅದರ ಮೇಲಿನ ಕಾಲುದಾರಿಯೂ ದಾರಿಯಲ್ಲಿ ನಡೆದುಹೋಗುತ್ತಿದ್ದವರೂ ಒಂದು ಗಳಿಗೆಯಲ್ಲಿ ಮಾಯವಾಗುವುದನ್ನು ಕಂಡಿರುವ ಈ ಸೀಮೆಯ ಮಗುವಿಗೆ, ಬೆಟ್ಟವು ಮಕ್ಕಳನ್ನು ತನ್ನೊಳಕ್ಕೆ ತೆಗೆದುಕೊಂಡಿತೆಂಬುದು ನಂಬಲಾರದ ಮಾತಲ್ಲ. ಆದರೆ ಮಂಜಿಗಿಂತಲೂ ಹೆಚ್ಚಾಗಿ ಕಾಫಿಯು ಈ ಕಥೆಯನ್ನು ನಮ್ಮದನ್ನಾಗಿ ಮಾಡಿದೆ. ೧೮೪೦ರ ಅನಂತರದ ವರ್ಷಗಳಲ್ಲಿ ಐರೋಪ್ಯ ತೋಟಗಾರರು ಮಂಜರಾಬಾದಿನ ಕಾಡುಗಳನ್ನು ಸವರಿ ಕಾಫಿಯನ್ನು ನೆಡಲಾರಂಭಿಸಿದರು. ತೋಟಗಳಿಗೆ ಆಳುಗಳು ಬೇಕಾದರು. ಬಯಲುಸೀಮೆಯ ಹಳ್ಳಿಗಳಿಗೂ, ಘಟ್ಟದ ಕೆಳಗಿನ ಊರುಗಳಿಗೂ, ತಮಿಳು ನಾಡಿಗೂ ಮೇಸ್ತ್ರಿಗಳು ಮುಂಗಡದ ಹಣದೊಡನೆ ಹೋಗಿ ಕುಟುಂಬಗಳನ್ನು ಕರೆತಂದರು. ಮಲೆಯಲ್ಲಿ ಕೆಲಸವುಂಟು, ಕೂಲಿಯುಂಟು, ಅಕ್ಕಿಯುಂಟು ಎಂಬ ಅವರ ಮಾತು ಬರಗಾಲದ ಕಿವಿಗೆ ಕಿಂದರಿಯ ನಾದದಂತೆಯೇ ಕೇಳಿಸಿರಬೇಕು. ಹಿರಿಯರ ಹಿಂದೆ ಮಕ್ಕಳೂ ಗಂಟುಮೂಟೆ ಹೊತ್ತು ನಡೆದುಬಂದರು. ಬೆಟ್ಟದ ಬಾಗಿಲು ತೆರೆದು ಅವರನ್ನು ಒಳಕ್ಕೆ ಸೇರಿಸಿಕೊಂಡಿತು. ಮುಂಗಡ ತೀರದೆ ಹಿಂದಕ್ಕೆ ಹೋಗಲಾರದವರ ಪಾಲಿಗೆ ಆ ಬಾಗಿಲು ಮುಚ್ಚಿಕೊಂಡಿತೆಂದೂ ಹೇಳಬೇಕು.

ಹೀಗೆ ಬಂದವರ ಮಕ್ಕಳು ತೋಟದ ಲೈನುಗಳಲ್ಲಿ ಹುಟ್ಟಿ ಬೆಳೆದರು. ಅವರಿಗೂ ಶಾಲೆ ಬೇಕೆಂಬ ಮಾತು ಸರಕಾರದ ಕಾಗದವನ್ನು ಸೇರಿದ್ದು ತಡವಾಗಿ. ಕೂಲಿಗಾರರ ಮಕ್ಕಳಲ್ಲಿ ಆರರಿಂದ ಹನ್ನೆರಡು ವರ್ಷದವರು ಇಪ್ಪತ್ತೈದಕ್ಕಿಂತ ಹೆಚ್ಚಾಗಿರುವ ತೋಟಗಳಲ್ಲಿ ಮಾಲೀಕರೇ ವಿದ್ಯಾಭ್ಯಾಸದ ಏರ್ಪಾಡು ಮಾಡಬೇಕೆಂದು ನಿಯಮ ವಿಧಿಸುವುದಕ್ಕೆ ೧೯೫೧ರ ತೋಟಕಾರ್ಮಿಕರ ಕಾಯಿದೆಯು ರಾಜ್ಯ ಸರಕಾರಗಳಿಗೆ ಅಧಿಕಾರ ಕೊಟ್ಟಿತು. ಇಂದು ಅದೇ ತೋಟಗಳಿಗೆ ಅಸ್ಸಾಮು, ಬಂಗಾಳ, ಝಾರ್ಖಂಡಗಳಿಂದ ಕುಟುಂಬಗಳು ಬರುತ್ತಿವೆ. ಕನ್ನಡವನ್ನರಿಯದ ಮಗುವೊಂದು ಹಣ್ಣು ಕೊಯ್ಯುವ ತಾಯಿಯ ಹಿಂದೆ ಗಿಡದಿಂದ ಗಿಡಕ್ಕೆ ನಡೆಯುತ್ತಿರುವುದನ್ನು ಕಾಣಲು ನಾವು ಬಹುದೂರ ಹೋಗಬೇಕಾಗಿಲ್ಲ. ಜೋಗಿಯ ಹಿಂದೆ ಹೋದ ಮಕ್ಕಳು ಕೊನೆಗೆ ಎಲ್ಲಿಗೆ ಹೋದರು ಎಂದು ನಮ್ಮ ಮಕ್ಕಳು ಕೇಳುವಾಗ, ಹಾಗೆ ಹೋದವರು ಯಾವುದೋ ಬೆಟ್ಟದ ಆಚೆಗೆ ಯಾರದೋ ಊರಿನಲ್ಲಿ ಹೊಸಬರಾಗಿ ಬಂದು ನಿಂತಿರುತ್ತಾರೆ, ನಮ್ಮ ಊರಿಗೂ ಅಂಥವರು ಬಂದಿದ್ದಾರೆ ಎಂದು ನಾವು ಉತ್ತರ ಹೇಳಬಹುದು. ಆ ಉತ್ತರವನ್ನು ಕೇಳಿದ ಮಗು ಮಾರನೆಯ ದಿನ ತರಗತಿಯಲ್ಲಿ ಪಕ್ಕಕ್ಕೆ ಕುಳಿತ ಹೊಸಬಳನ್ನು ಬೇರೆ ಕಣ್ಣಿನಿಂದ ನೋಡುವುದೆಂದು ನಮಗೆ ಭರವಸೆಯುಂಟು.

ಮನೆಯೇ ಮನುಷ್ಯರನ್ನು ಬಿಟ್ಟು ಹೋಗುವುದೂ ಈ ಸೀಮೆಗೆ ಹೊಸದಲ್ಲ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ೧೯೭೯ರಲ್ಲಿ ಪೂರ್ತಿಯಾಯಿತು. ಹಿನ್ನೀರು ಆಲೂರಿನ ಕಡೆಗೂ ಹಬ್ಬಿ, ಹಳ್ಳಿಗಳೂ ಗದ್ದೆಗಳೂ ನೀರಿನ ಕೆಳಗಾದವು. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಫ್ರೆಂಚ್ ಮಿಷನರಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದ ದೇವಾಲಯವು ಮಳೆಗಾಲದಲ್ಲಿ ಅರ್ಧ ಮುಳುಗುವುದನ್ನೂ ಬೇಸಗೆಯಲ್ಲಿ ಮತ್ತೆ ಎದ್ದು ನಿಲ್ಲುವುದನ್ನೂ ನೋಡಲು ಜನರು ದೂರದೂರದಿಂದ ಬರುವರು, ಅದರ ಚಿತ್ರಗಳನ್ನು ತೆಗೆದುಕೊಂಡು ಹೋಗುವರು. ಅದರ ಸುತ್ತ ಒಂದು ಕಾಲದಲ್ಲಿ ಒಲೆಗಳುರಿದುವೆಂಬುದನ್ನೂ, ತೊಟ್ಟಿಲುಗಳು ತೂಗಿದುವೆಂಬುದನ್ನೂ ನೆನೆಯುವವರು ಕಡಮೆ. ಊರನ್ನು ಬಿಟ್ಟುಬಂದ ಅಜ್ಜಿಯರು ಈಗಲೂ ನಮ್ಮ ನಡುವೆ ಇರುವರು. ಕಾಗಕ್ಕನ ಕಥೆಯನ್ನು ಅವರ ಬಾಯಿಂದ ಕೇಳಿದ ಮೊಮ್ಮಕ್ಕಳಿಗೆ ಅದು ಬರಿಯ ಹಕ್ಕಿಯ ಕಥೆಯಾಗಿ ಉಳಿಯಲಾರದು.

ಇನ್ನು ನಿಜವಾಗಿಯೇ ಮನೆಯಿಂದ ಓಡಿಹೋಗುವ ಇಂದಿನ ಮಕ್ಕಳ ವಿಚಾರ. ಕಥೆಗಳನ್ನು ಕೇಳಿ ಮಕ್ಕಳು ಓಡಿಹೋಗುವರೆಂಬ ಭಯವನ್ನು ನಾವು ಆರಂಭದಲ್ಲಿ ಹೇಳಿದೆವಷ್ಟೆ. ಓಡಿಹೋದ ಮಕ್ಕಳನ್ನು ಸಮಾಧಾನದಿಂದ ವಿಚಾರಿಸಿದವರು ಕೇಳಿ ತಿಳಿದಿರುವ ಕಾರಣಗಳು ಬೇರೆಯಾಗಿವೆ: ಮನೆಯಲ್ಲಿ ಹೊಡೆತ, ಕುಡಿತದ ಜಗಳ, ಪರೀಕ್ಷೆಯಲ್ಲಿ ತಪ್ಪಿದ ನಾಚಿಕೆ, ಕೈಬಿಟ್ಟ ಓದು, ಬೇಡದ ಮದುವೆ, ಕೆಲವು ಸಲ ಪಟ್ಟಣದ ಬಣ್ಣದ ಮೋಹ. ರಾತ್ರಿ ಮನೆಯಲ್ಲಿ ಬಿದ್ದ ಏಟು ಬೆಳಿಗ್ಗೆ ರೈಲ್ವೆ ನಿಲ್ದಾಣದಲ್ಲಿ ಕಾಣುವುದು. ಹಾಸನದಿಂದ ಸಕಲೇಶಪುರದ ಮೇಲೆ ಘಟ್ಟವಿಳಿದು ಮಂಗಳೂರಿಗೆ ಹೋಗುವ ರೈಲುಹಾದಿಯು ೧೯೭೯ರಲ್ಲಿ ತೆರೆಯಿತು. ಸುರಂಗದಿಂದ ಸುರಂಗಕ್ಕೆ, ಸೇತುವೆಯಿಂದ ಸೇತುವೆಗೆ ಸಾಗುವ ಆ ಹಾದಿಯ ಸೊಬಗನ್ನು ಹೊಗಳದವರಿಲ್ಲ. ಬೆಟ್ಟವು ಬಾಯ್ದೆರೆದು ಗಾಡಿಯನ್ನು ನುಂಗಿ ಆಚೆಗೆ ಬಿಡುವುದನ್ನು ಅಲ್ಲಿ ಕಣ್ಣಾರೆ ಕಾಣಬಹುದು. ಅಂಥ ಗಾಡಿಯ ಮೂಲೆಯಲ್ಲಿ ಒಂಟಿಯಾಗಿ ಕುಳಿತ ಮಗುವನ್ನು ಕಂಡಾಗ, ಇದು ಯಾರ ಮಗು ಎಂದು ಕೇಳುವ ದೊಡ್ಡವರೊಬ್ಬರು ಆ ಡಬ್ಬಿಯಲ್ಲಿ ಇದ್ದರೆ ಕಥೆಯ ಕೊನೆ ಬೇರೆಯಾಗುವುದು.

ಹೆಣ್ಣುಮಕ್ಕಳ ವಿಷಯವನ್ನು ಪ್ರತ್ಯೇಕವಾಗಿ ಹೇಳುವುದು ಈ ಸಂಚಿಕೆಗೆ ಉಚಿತವಾಗಿದೆ. ನಮ್ಮ ಜನಪದ ಕಥೆಗಳಲ್ಲಿ ಮನೆ ಬಿಟ್ಟ ಹುಡುಗನು ಮೂರು ದೇಶ ಸುತ್ತಿ ರಾಜಕುಮಾರಿಯನ್ನೂ ಅರ್ಧ ರಾಜ್ಯವನ್ನೂ ಸಂಪಾದಿಸಿಕೊಂಡು ಬರುವನು. ಹುಡುಗಿಯ ಕಥೆ ಹಾಗಿಲ್ಲ. ಏ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕನ್ನಡದ ಕಥೆಯೊಂದರಲ್ಲಿ ಬಡ ತಾಯಿಗೆ ನೆರವಾಗಲು ಹುಡುಗಿಯೊಬ್ಬಳು ಹೂವಿನ ಮರವಾಗುವಳು. ಮದುವೆಯಾಗಿ ಹೋದ ಮನೆಯಲ್ಲಿ ನಾದಿನಿಯೂ ಅವಳ ಗೆಳತಿಯರೂ ಆ ಮರದ ರೆಂಬೆಕೊಂಬೆಗಳನ್ನು ಮುರಿದುಬಿಡುವರು. ಕೈಕಾಲಿಲ್ಲದ ಮೈಯಾಗಿ ಉಳಿದ ಅವಳು ಬಹುಕಾಲ ಕಷ್ಟಪಟ್ಟ ಮೇಲೆ ಗಂಡನ ಅಕ್ಕರೆಯಿಂದ ಮತ್ತೆ ಮನುಷ್ಯಳಾಗುವಳು. ಇವಳು ಎಲ್ಲಿಗೂ ಓಡಿದವಳಲ್ಲ. ಮನೆಯ ಹಿತ್ತಲಲ್ಲಿಯೇ ಕಳೆದುಹೋದವಳು. ಹೆಣ್ಣು ಮನೆಯೊಳಗಿದ್ದರೆ ಸುರಕ್ಷಿತಳೆಂದು ನಂಬಿದವರಿಗೆ ಈ ಕಥೆಯೇ ಸಾಕಾದ ಉತ್ತರ. ಮೈಸೂರು ಸಂಸ್ಥಾನವು ಎಂಟು ವರ್ಷದೊಳಗಿನ ಬಾಲೆಯರ ಮದುವೆಯನ್ನು ನಿಷೇಧಿಸಿ ೧೮೯೪ರಲ್ಲಿಯೇ ಕಾನೂನು ಮಾಡಿತು. ೧೯೭೮ರಲ್ಲಿ ಹೆಣ್ಣಿನ ಮದುವೆಯ ವಯಸ್ಸು ದೇಶಕ್ಕೆಲ್ಲಾ ಹದಿನೆಂಟಾಯಿತು. ಕರ್ನಾಟಕವು ೨೦೧೬ರಲ್ಲಿ ಮಾಡಿದ ತಿದ್ದುಪಡಿಯಂತೆ ಬಾಲ್ಯವಿವಾಹವು ಇಲ್ಲಿ ಮೊದಲಿನಿಂದಲೇ ಅಸಿಂಧು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷಗಳು ಹಿಡಿದುವು. ಇಷ್ಟಾದರೂ ಕಾನೂನನ್ನು ಕಣ್ಣುಮರೆಸಿ ನಿಶ್ಚಯಿಸಿದ ಮದುವೆಯನ್ನು ತಪ್ಪಿಸಿಕೊಳ್ಳಲು ಹುಡುಗಿಯೊಬ್ಬಳು ಮನೆ ಬಿಟ್ಟಳೆಂದರೆ, ಓಡಿಹೋದವಳೆಂಬ ಕಳಂಕವನ್ನು ಅವಳ ಹಣೆಗೆ ಬರೆಯುವ ಮುನ್ನ ಅವಳು ಯಾವ ಕಡೆಗೆ ಓಡಿದಳೆಂದು ನೋಡುವುದು ನ್ಯಾಯ. ಶಾಲೆಯ ಬಾಗಿಲಿಗೋ, ಉಪಾಧ್ಯಾಯಿನಿಯ ಮನೆಗೋ ಓಡಿಬಂದವಳು ಕೆಟ್ಟವಳಲ್ಲ. ಓದು ಮುಗಿಸಲು ಬಿಡುವೆವೆಂದು ಅವಳಿಗೆ ಕೊಟ್ಟಿದ್ದ ಮಾತನ್ನು ಯಾರೋ ಮುರಿದಿರುವರು.

ಹಾಗಾದರೆ ಮಕ್ಕಳು ಮನೆ ಬಿಟ್ಟು ಓಡುವುದನ್ನು ನೀವು ಪ್ರೋತ್ಸಾಹಿಸುವಿರಾ ಎಂದು ಕೇಳಿದರೆ, ಖಂಡಿತವಾಗಿಯೂ ಇಲ್ಲ. ಮನೆ ಬಿಟ್ಟ ಮಗುವಿಗೆ ಬೀದಿಯಲ್ಲಿ ಕಾದಿರುವ ಅಪಾಯಗಳನ್ನು ನಾವು ಬಲ್ಲೆವು. ಕಿಂದರಿಯ ದನಿಯಲ್ಲಿ ಕರೆಯುವವರು ಈಗ ಕೈಯೊಳಗಿನ ದೂರವಾಣಿಯಲ್ಲಿಯೇ ಇರುವರೆಂಬುದನ್ನೂ ಬಲ್ಲೆವು. ಅಪಾಯವಿರುವುದರಿಂದಲೇ ಕಥೆ ಬೇಕೆಂಬುದು ನಮ್ಮ ವಾದ. ತಾಯಿಯ ಪಕ್ಕದಲ್ಲಿ ಮಲಗಿ ಕಥೆಯೊಳಗೆ ಒಂದು ಸಲ ಮನೆಯನ್ನು ಬಿಟ್ಟು, ಕಾಡಿನ ಕತ್ತಲೆಯನ್ನು ಕಂಡು, ಕಣ್ಣು ತೆರೆದಾಗ ತಾಯಿಯ ಸೆರಗು ಕೈಗೆ ಸಿಕ್ಕಿದ ಮಗುವಿಗೆ ನಿಜವಾಗಿ ಓಡುವ ಅವಶ್ಯಕತೆ ಕಡಮೆಯಾಗುವುದು. ಭಯವನ್ನು ಹೇಳಿಕೊಳ್ಳಲು ಅದಕ್ಕೆ ಒಂದು ಭಾಷೆ ದೊರೆಯುವುದು. ‘ಆ ಹುಡುಗ ಏಕೆ ಹೋದ?’ ಎಂದು ಕೇಳುವ ಮಗು ಕೆಲವು ಸಲ ತನ್ನ ವಿಷಯವನ್ನೇ ಕೇಳುತ್ತಿರುವುದು. ಆ ಪ್ರಶ್ನೆಗೆ ‘ಸುಮ್ಮನೆ ಮಲಗು’ ಎಂದು ಉತ್ತರ ಕೊಟ್ಟ ಮನೆಯಲ್ಲಿ ಕಥೆ ವ್ಯರ್ಥವಾಗುವುದು. ಇನ್ನು ಕೆಲವರು ಕಥೆಯ ಕೊನೆಯನ್ನೇ ಬದಲಾಯಿಸಿ, ಜೋಗಿಯು ಮಕ್ಕಳನ್ನೆಲ್ಲಾ ಮರಳಿ ತಂದುಕೊಟ್ಟನು, ಗೌಡನು ಸಿಹಿ ಹಂಚಿದನು ಎಂದು ಹೇಳುವರು. ಇದು ನಮಗೆ ಸಮ್ಮತವಲ್ಲ. ಮುರಿದ ಮಾತಿಗೆ ಬೆಲೆ ತೆರಬೇಕಾಗುವುದೆಂಬ ಪಾಠವು ಅದರಿಂದ ಅಳಿಸಿಹೋಗುವುದು. ಮಗುವಿಗೆ ದುಃಖವಾದರೆ ಆಗಲಿ, ನಾವು ಪಕ್ಕದಲ್ಲಿದ್ದೇವಷ್ಟೆ.

ಹಿಂದೆ ಉಳಿದ ಆ ಕುಂಟ ಹುಡುಗನನ್ನು ಕುರಿತು ಒಂದು ಮಾತನ್ನು ಇಲ್ಲಿ ಹೇಳಬೇಕು. ಎಲ್ಲರೊಡನೆ ಹೆಜ್ಜೆ ಹಾಕಲಾರದೆ ಹೋದುದರಿಂದ ಅವನು ಉಳಿದನು. ಉಳಿದುದರಿಂದ ಆಟಕ್ಕೆ ಜೊತೆಯಿಲ್ಲದೆ ಊರಿನಲ್ಲಿ ಒಬ್ಬನೇ ಬೆಳೆಯಬೇಕಾಯಿತು. ಅಕ್ಕ ಓಡಿಹೋದ ಮನೆಯ ತಂಗಿ, ಅಣ್ಣನನ್ನು ಕಳೆದುಕೊಂಡ ಮನೆಯ ತಮ್ಮ, ಇವರ ಸ್ಥಿತಿ ಹೀಗೆಯೇ. ಹಿರಿಯರು ಹೋದವಳ ದುಃಖದಲ್ಲಿಯೋ ಮಾನಹಾನಿಯ ಚಿಂತೆಯಲ್ಲಿಯೋ ಮುಳುಗಿರುವಾಗ, ಉಳಿದ ಮಗುವಿನ ಕಡೆಗೆ ಯಾರ ಗಮನವೂ ಹೋಗದು. ಹೋದವಳ ಹೆಸರನ್ನು ಎತ್ತಕೂಡದೆಂದು ಅದಕ್ಕೆ ಅಪ್ಪಣೆಯಾಗುವುದು. ಸಾವು ಸಂಭವಿಸಿದ ಮನೆಗಳಲ್ಲಿಯೂ ಹೀಗೆಯೇ. ಮಕ್ಕಳಿಗೆ ತಿಳಿಯದೆಂದು ಭಾವಿಸಿ ಅಜ್ಜ ಊರಿಗೆ ಹೋಗಿದ್ದಾನೆ ಎಂದು ಹೇಳಿದರೆ, ಅಜ್ಜ ತನಗೆ ಹೇಳದೆ ಏಕೆ ಹೋದನೆಂದು ಮಗು ವರ್ಷಗಟ್ಟಲೆ ಕೊರಗುವುದು. ಅದು ನಾವು ಕೊಟ್ಟ ಸುಳ್ಳುಮಾತಿನ ಫಲ. ನಷ್ಟವನ್ನು ಸರಳವಾದ ನಿಜವಾದ ಮಾತಿನಲ್ಲಿ ಹೇಳಿದರೆ ಮಗು ಅತ್ತು, ಕೇಳಿ, ಮತ್ತೆ ಕೇಳಿ, ಕೊನೆಗೆ ಆಟಕ್ಕೆ ಹೊರಡುವುದು.

ಓಡಿಹೋದ ಮಗು ಹಿಂದಿರುಗಿದಾಗ ಮನೆಯವರು ಏನು ಮಾಡಬೇಕೆಂಬುದಕ್ಕೆ, ನಮ್ಮ ಶಾಲೆಯಲ್ಲಿ ಓದಿದವರೆಲ್ಲರೂ ಕೇಳಿರುವ ತಪ್ಪಿಹೋದ ಮಗನ ಸಾಮ್ಯವೇ ಸಾಕು. ತಂದೆಯು ಲೆಕ್ಕವನ್ನು ಕೇಳಲಿಲ್ಲ; ದೂರದಲ್ಲಿ ಬರುತ್ತಿರುವವನನ್ನು ಕಂಡು ತಾನೇ ಓಡಿದನು. ಆ ಕಥೆಯಲ್ಲಿ ಮಗನು ಓಡಿಹೋದದ್ದನ್ನೇ ನೆನಪಿಟ್ಟುಕೊಳ್ಳುವ ನಾವು ತಂದೆಯು ಓಡಿಬಂದದ್ದನ್ನು ಮರೆಯುವುದುಂಟು. ಲೌಕಿಕದ ಏರ್ಪಾಡುಗಳನ್ನೂ ಮರೆಯತಕ್ಕದ್ದಲ್ಲ. ಕಷ್ಟದಲ್ಲಿರುವ ಮಕ್ಕಳಿಗಾಗಿ ೧೯೯೬ರಲ್ಲಿ ಮುಂಬಯಿಯಲ್ಲಿ ಆರಂಭವಾದ ೧೦೯೮ ಎಂಬ ದೂರವಾಣಿಯ ಸಂಖ್ಯೆಯು ಇಂದು ದೇಶದಲ್ಲೆಲ್ಲಾ ಇದೆ. ಅದಕ್ಕೆ ಹಣ ಕೊಡಬೇಕಾದ್ದಿಲ್ಲ. ೨೦೧೫ರ ಬಾಲನ್ಯಾಯ ಕಾಯಿದೆಯಂತೆ, ದಿಕ್ಕಿಲ್ಲದೆ ಸಿಕ್ಕಿದ ಮಗುವನ್ನು ಇಪ್ಪತ್ತನಾಲ್ಕು ಗಂಟೆಗಳೊಳಗಾಗಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಈ ಸಂಖ್ಯೆಯನ್ನು ನಮ್ಮ ಮಕ್ಕಳು ಮಗ್ಗಿಯೊಡನೆ ಕಲಿಯಲಿ. ತೋಟದ ಲೈನಿನ ಮಕ್ಕಳಿಗೂ ಅದನ್ನು ಕಲಿಸುವ ಭಾರವನ್ನು ಹತ್ತಿರದಲ್ಲಿ ವಾಸವಾಗಿರುವ ನಮ್ಮ ಸೋದರಿಯರು ವಹಿಸಿಕೊಳ್ಳಲಿ.

ಒಟ್ಟಿನಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಮನೆ ಬಿಟ್ಟು ಹೋದ ಮಕ್ಕಳ ಕಥೆಯನ್ನು ಮಕ್ಕಳ ಪುಸ್ತಕಗಳಿಂದ ತೆಗೆದುಹಾಕಬೇಡಿರಿ. ಅದರ ಕೊನೆಯನ್ನು ಸಿಹಿ ಮಾಡಬೇಡಿರಿ. ಬರುವ ಮುಂಗಾರಿನಲ್ಲಿ ಹೊಳೆ ತುಂಬಿ, ದಾರಿ ಕಟ್ಟಿ, ಶಾಲೆಗೆ ರಜ ಬಿಟ್ಟ ದಿನ ಮಕ್ಕಳನ್ನು ಒಲೆಯ ಬಳಿಯಲ್ಲಿ ಕೂರಿಸಿಕೊಂಡು ಕಿಂದರಿಜೋಗಿಯ ಕಥೆಯನ್ನು ಪೂರ್ತಿಯಾಗಿ ಹೇಳಿರಿ. ಮುಗಿದ ಮೇಲೆ ಎದ್ದುಹೋಗದೆ, ಅವರು ಕೇಳುವ ಪ್ರಶ್ನೆಗಳಿಗಾಗಿ ಸ್ವಲ್ಪ ಹೊತ್ತು ಕಾದಿರಿ. ಆ ವರ್ಷ ನೀವು ಅವರಿಗೆ ಕೊಟ್ಟಿರುವ ಮಾತುಗಳು, ಜಾತ್ರೆಗೆ ಕರೆದೊಯ್ಯುವ ಮಾತೇ ಆಗಲಿ, ಮುಂದಕ್ಕೆ ಓದಿಸುವ ಮಾತೇ ಆಗಲಿ, ಎಷ್ಟು ಉಳಿದಿವೆಯೆಂದು ಅಷ್ಟರಲ್ಲಿ ಮನಸ್ಸಿನೊಳಗೆ ಎಣಿಸಿ ನೋಡಿರಿ. ಬಾಕಿಯಿದ್ದರೆ ತೀರಿಸುವುದಕ್ಕೆ ಇನ್ನೂ ಕಾಲವಿದೆ.